ಫ್ರಾಪ್ ಕರ್ವ್ ಅರ್ಧಕ್ಕೇ ನಿಂತರೆ: ಪ್ರೋಟೀನ್ ಮೇಲೆ ತಪ್ಪು ಹೊರಿಸುವ ಮೊದಲು

ಡಿಎನ್‌ಎ ಸುತ್ತಿಡಲು ನೆರವಾಗುವ ಹಿಸ್ಟೋನ್ ಎಚ್1 ಪ್ರೋಟೀನಿಗೆ ಜಿಎಫ್‌ಪಿ (ಹಸಿರು ಬೆಳಕು ಸೂಸುವ ಪ್ರೋಟೀನ್) ಸೇರಿಸಿ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಗಳಲ್ಲಿ ಫ್ರಾಪ್ ಮಾಡುತ್ತಿದ್ದೆ. ಫ್ರಾಪ್ ಅಂದರೆ ಒಂದು ಜಾಗದ ಹೊಳಪನ್ನು ಲೇಸರಿನಿಂದ ಕೆಡಿಸಿ (ಬ್ಲೀಚ್ ಮಾಡಿ), ಅದು ಎಷ್ಟು ಹೊತ್ತಿಗೆ ಎಷ್ಟು ಮತ್ತೆ ಬೆಳಗುತ್ತದೆ ಅಂತ ಒಂದು ಗೆರೆಯಾಗಿ (ಕರ್ವ್) ಅಳೆಯುವುದು. ಲೇಸರ್ ಹೊಡೆದು ಕಪ್ಪಾಗಿಸಿದ ಜಾಗ ಮೆಲ್ಲಗೆ ಬೆಳಗುತ್ತಾ ಬಂತು. ಮೊದಲಿನ ಹೊಳಪಿನ ಶೇ 60ರ ಹತ್ತಿರ ಬಂದು ಅಲ್ಲೇ ನಿಂತಿತು. ಇನ್ನೊಂದು ಕೋಶದಲ್ಲೂ ಅದೇ ಕಥೆ. ಹತ್ತು ಕೋಶ ಆದಮೇಲೆ "ಎಚ್1ನ ಶೇ 40 ಭಾಗ ಕ್ರೊಮ್ಯಾಟಿನ್‌ಗೆ ಕಚ್ಚಿಕೊಂಡಿದೆ, ಅಲುಗಾಡುವುದಿಲ್ಲ" ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. (ಕ್ರೊಮ್ಯಾಟಿನ್ ಅಂದರೆ ಡಿಎನ್‌ಎ ಮತ್ತು ಅದನ್ನು ಸುತ್ತಿಟ್ಟ ಪ್ರೋಟೀನ್‌ಗಳ ಕಟ್ಟು.) ಲ್ಯಾಬಿನ ಸೀನಿಯರ್ ಒಬ್ಬರು ಆ ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದೇ ಸೆಟ್ಟಿಂಗ್‌ನಲ್ಲಿ ಬರೀ ಜಿಎಫ್‌ಪಿ ಇರೋ ಸೆಲ್ ಮಾಡಿ ನೋಡಿದೀಯಾ?"

ನೋಡಿರಲಿಲ್ಲ. ಅವತ್ತೇ ಮಾಡಿದೆ. ಬರೀ ಜಿಎಫ್‌ಪಿ ಕೂಡ ಶೇ 72ಕ್ಕೆ ನಿಂತಿತು!

ಬರೀ ಜಿಎಫ್‌ಪಿ ಕ್ರೊಮ್ಯಾಟಿನ್‌ಗೆ ಅಂಟುವುದಿಲ್ಲ. ಅದು ನ್ಯೂಕ್ಲಿಯಸ್ಸಿನ ತುಂಬ ಸ್ವತಂತ್ರವಾಗಿ ಓಡಾಡುತ್ತದೆ. ಅದೇ ನೂರು ಮುಟ್ಟಲಿಲ್ಲ ಅಂದರೆ ದೋಷ ಪ್ರೋಟೀನಿನಲ್ಲಿಲ್ಲ, ಅಳತೆಯಲ್ಲಿದೆ. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಧಾರವಾಡದಲ್ಲೋ ಮೊದಲ ಸಲ ಕಾನ್ಫೋಕಲ್ ಮೈಕ್ರೋಸ್ಕೋಪ್ ಮುಂದೆ ಕೂತವರಿಗೆ ಉಪಯೋಗಕ್ಕೆ ಬರಲಿ ಅಂತ.

ಫ್ರಾಪ್ ನಿಜವಾಗಿ ಏನು ಅಳೆಯುತ್ತದೆ

ಮದುವೆ ಮನೆಯ ಊಟದ ಪಂಕ್ತಿ ನೆನೆಸಿಕೊಳ್ಳಿ. ಎಲ್ಲರ ಕೈಯಲ್ಲೂ ಒಂದೊಂದು ಟಾರ್ಚ್ ಉರಿಯುತ್ತಿದೆ. ಒಂದು ಸಾಲಿನಲ್ಲಿ ಕೂತವರ ಟಾರ್ಚ್‌ಗಳನ್ನು ಮಾತ್ರ ಒಮ್ಮೆಲೇ ಕೆಡಿಸಿಬಿಟ್ಟಿರಿ. ಆ ಸಾಲು ಕತ್ತಲಾಯಿತು. ಊಟ ಮುಗಿಸಿದವರು ಎದ್ದು ಹೋಗಿ, ಟಾರ್ಚ್ ಉರಿಯುತ್ತಿರುವ ಹೊಸಬರು ಬಂದು ಕೂತ ಹಾಗೆ ಸಾಲು ಮತ್ತೆ ಬೆಳಗುತ್ತದೆ. ಎಷ್ಟು ಬೇಗ ಬೆಳಗುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಒಬ್ಬೊಬ್ಬರು ಎಷ್ಟು ಹೊತ್ತು ಕೂತು ಉಣ್ಣುತ್ತಾರೆ, ಮತ್ತು ಬಾಗಿಲಿನಿಂದ ಸಾಲಿನವರೆಗೆ ನಡೆದು ಬರಲು ಎಷ್ಟು ಹೊತ್ತು ಬೇಕು.

ಇಲ್ಲಿ ಕೂರುವುದು ಅಂದರೆ ಕ್ರೊಮ್ಯಾಟಿನ್‌ಗೆ ಅಂಟುವುದು. ನಡೆದು ಬರುವುದು ಅಂದರೆ ನ್ಯೂಕ್ಲಿಯಸ್ಸಿನೊಳಗೆ ಹರಡುವುದು, ಡಿಫ್ಯೂಷನ್. ಕರ್ವ್‌ನಲ್ಲಿ ಎರಡೂ ಬೆರೆತೇ ಇರುತ್ತವೆ. ಅದರ ಜೊತೆಗೆ ಲೇಸರ್, ಫೋಕಸ್, ಜಿಎಫ್‌ಪಿಯ ಸ್ವಭಾವ, ಕೋಶದ ಆರೋಗ್ಯ ಎಲ್ಲವೂ ಅದೇ ಗೆರೆಯೊಳಗೆ ಸೇರಿಕೊಂಡಿರುತ್ತವೆ.

ಈ ವಿಧಾನದ ಲೆಕ್ಕಾಚಾರವನ್ನು 1976ರಲ್ಲಿ ಆಕ್ಸೆಲ್‌ರಾಡ್, ವೆಬ್ ಮತ್ತು ಸಂಗಡಿಗರು ಕಟ್ಟಿಕೊಟ್ಟರು. ಆಗ ಅದು ಹೆಚ್ಚಾಗಿ ಕೋಶದ ಪೊರೆಯ ಅಧ್ಯಯನಕ್ಕೆ ಬಳಕೆಯಾಯಿತು. ಜಿಎಫ್‌ಪಿ ಕೈಗೆ ಬಂದಮೇಲೆ ನ್ಯೂಕ್ಲಿಯಸ್ಸಿನೊಳಗೂ ಇಣುಕಲು ಸಾಧ್ಯವಾಯಿತು. 2000ರಲ್ಲಿ ಫೇರ್ ಮತ್ತು ಮಿಸ್ಟೆಲಿ ನ್ಯೂಕ್ಲಿಯಸ್ಸಿನ ಪ್ರೋಟೀನ್‌ಗಳು ಅಂದುಕೊಂಡಿದ್ದಕ್ಕಿಂತ ಎಷ್ಟೋ ಚುರುಕಾಗಿ ಓಡಾಡುತ್ತವೆ ಅಂತ ತೋರಿಸಿದರು. ಅದೇ ವರ್ಷ ಎರಡು ತಂಡಗಳು ಬೇರೆ ಬೇರೆಯಾಗಿ ಎಚ್1 ಕೂಡ ಕ್ರೊಮ್ಯಾಟಿನ್ ಬಿಟ್ಟು ಮತ್ತೆ ಹಿಡಿಯುತ್ತಿರುತ್ತದೆ, ಒಂದು ಕಡೆ ಕೂರುವುದು ಕೆಲವೇ ನಿಮಿಷ ಅಂತ ಕಂಡುಕೊಂಡವು. ಅಲ್ಲಿಯವರೆಗೆ ಎಚ್1 ಅಂದರೆ ನ್ಯೂಕ್ಲಿಯೋಸೋಮಿಗೆ (ಹಿಸ್ಟೋನ್‌ಗಳ ಸುತ್ತ ಡಿಎನ್‌ಎ ಸುತ್ತಿದ ಉಂಡೆ) ಹಾಕಿದ ಬೀಗ ಅನ್ನುವ ಹಾಗೆ ಪಾಠ ಮಾಡುತ್ತಿದ್ದರು. ನನ್ನ ಶೇ 40 ನೋಡಿದ ತಕ್ಷಣ ಅನುಮಾನ ಬರಬೇಕಿದ್ದದ್ದು ಇದಕ್ಕೇ.

ಮೊದಲು ವಿಡಿಯೋ ನೋಡಿ, ಆಮೇಲೆ ಕರ್ವ್

ಸಾಫ್ಟ್‌ವೇರ್ ಕೊಟ್ಟ ಕರ್ವ್ ನೋಡಿ ಸುಮ್ನೆ ಫಿಟ್ಟಿಂಗ್‌ಗೆ (ಅದಕ್ಕೆ ಸೂತ್ರ ಹೊಂದಿಸಲು) ಕೂರಬೇಡಿ. ರೆಕಾರ್ಡ್ ಆದ ಚಿತ್ರಗಳನ್ನು ವೇಗವಾಗಿ ಓಡಿಸಿ ನೋಡಿ. ಎರಡು ಸಲ ನೋಡಿ. ಕೋಶ ಜರುಗಿತಾ? ನ್ಯೂಕ್ಲಿಯಸ್ ತಿರುಗಿತಾ? ಅಂಚು ಮಸುಕಾಗುತ್ತಾ ಹೋಯಿತಾ?

ಜಾಸ್ತಿ ತೊಂದರೆ ಕೊಡುವುದು ಫೋಕಸ್ ಜಾರುವುದು. 63 ಪಟ್ಟಿನ, 1.4 ಅಪರ್ಚರಿನ ಎಣ್ಣೆ ಲೆನ್ಸ್‌ನಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಮೈಕ್ರಾನಿಗಿಂತ ತೆಳು. ಎಚ್1ನಂಥ ಪ್ರೋಟೀನಿಗೆ ಹತ್ತು ನಿಮಿಷ ರೆಕಾರ್ಡ್ ಮಾಡಬೇಕು. ಅಷ್ಟರಲ್ಲಿ ಸ್ಟೇಜ್ ಅರ್ಧ ಮೈಕ್ರಾನ್ ಇಳಿದರೂ ಸಾಕು, ಕರ್ವ್ ಕೆಳಗೆ ಬಾಗುತ್ತದೆ, ಅದು ನಿಮಗೆ "ಅಂಟಿಕೊಂಡ ಪ್ರೋಟೀನ್" ಥರ ಕಾಣುತ್ತದೆ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬ್ಲೀಚ್ ಮಾಡದೆ ಅದೇ ಕೋಶವನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ. ಗೆರೆ ಅಡ್ಡಕ್ಕೆ ನೆಟ್ಟಗೆ ಹೋಗಬೇಕು. ಸಮನಾಗಿ ಇಳಿದರೆ ಚಿತ್ರ ತೆಗೆಯುವ ಲೇಸರೇ ಮೆಲ್ಲಗೆ ಬ್ಲೀಚ್ ಮಾಡುತ್ತಿದೆ. ಅಂಕುಡೊಂಕಾಗಿ ಹೋದರೆ ಫೋಕಸ್ ಜಾರುತ್ತಿದೆ.

ಜಾರುವುದಕ್ಕೆ ಕಾರಣ ಬಹುತೇಕ ಶಾಖ. ಚೇಂಬರ್ 37 ಡಿಗ್ರಿ ತೋರಿಸುತ್ತಿದೆ ಅಂದ ಮಾತ್ರಕ್ಕೆ ಲೆನ್ಸ್ ಮತ್ತು ಸ್ಟೇಜಿನ ಲೋಹ ಅಷ್ಟು ಬಿಸಿಯಾಗಿದೆ ಅಂತಲ್ಲ. ನಾನು ಬಂದು ಹದಿನೈದು ನಿಮಿಷಕ್ಕೇ ಶುರು ಮಾಡುತ್ತಿದ್ದೆ. ಈಗ ಎಲ್ಲ ಆನ್ ಮಾಡಿ, ಡಿಶ್ ಇಟ್ಟು, ಒಂದೂವರೆ ಗಂಟೆ ಬಿಟ್ಟು ಶುರು ಮಾಡುತ್ತೇನೆ. ಏಸಿ ಗಾಳಿ ನೇರವಾಗಿ ಮೈಕ್ರೋಸ್ಕೋಪಿಗೆ ಬಡಿಯುತ್ತಿದ್ದರೆ ಅದನ್ನೂ ತಪ್ಪಿಸಿ.

ಮೂರು ಕೋಶಗಳು, ಒಂದೇ ಸೆಟ್ಟಿಂಗ್

ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ನಿಮ್ಮ ಪ್ರೋಟೀನ್ ಯಾವುದೇ ಇರಲಿ, ಅದೇ ದಿನ, ಅದೇ ಲೇಸರ್ ಶಕ್ತಿ, ಅದೇ ಅಳತೆಯ ವೃತ್ತ ಇಟ್ಟುಕೊಂಡು ಇನ್ನೂ ಮೂರು ಬಗೆಯ ಕೋಶ ಅಳೆಯಿರಿ.

ಒಂದು, ಬರೀ ಜಿಎಫ್‌ಪಿ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಕೊಳ್ಳಬೇಕು, ಲೆಕ್ಕ ಸರಿಪಡಿಸಿದ ಮೇಲೆ ನೂರು ಮುಟ್ಟಬೇಕು. ಜಿಎಫ್‌ಪಿ ನೀರಿನಲ್ಲಿ ಸೆಕೆಂಡಿಗೆ ಸುಮಾರು 87 ಚದರ ಮೈಕ್ರಾನ್ ವೇಗದಲ್ಲಿ ಹರಡುತ್ತದೆ. ಕೋಶದೊಳಗೆ ಅದರ ಮೂರು ನಾಲ್ಕು ಪಟ್ಟು ನಿಧಾನ. ಹಾಗಿದ್ದರೂ ಒಂದು ಮೈಕ್ರಾನ್ ತ್ರಿಜ್ಯದ ವೃತ್ತ ದಾಟಲು ಅದಕ್ಕೆ ಬೇಕಾಗುವುದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು.

ಎರಡು, ಜಿಎಫ್‌ಪಿ ಹಚ್ಚಿದ ಎಚ್2ಬಿ. ಇದು ನ್ಯೂಕ್ಲಿಯೋಸೋಮಿನ ಒಡಲಲ್ಲೇ ಇರುವ ಹಿಸ್ಟೋನ್. ಹತ್ತು ನಿಮಿಷದಲ್ಲಿ ಹೆಚ್ಚುಕಮ್ಮಿ ಅಲುಗಾಡಬಾರದು. 2001ರಲ್ಲಿ ಕಿಮುರಾ ಮತ್ತು ಕುಕ್ ಹೀಲಾ ಕೋಶಗಳಲ್ಲೇ ಇದನ್ನು ಅಳೆದಿದ್ದಾರೆ. ಎಚ್2ಬಿಯ ಸುಮಾರು ಶೇ 3 ಮಾತ್ರ ನಿಮಿಷಗಳಲ್ಲಿ ಅದಲುಬದಲಾಗುತ್ತದೆ. ಸುಮಾರು ಶೇ 40ಕ್ಕೆ ಗಂಟೆಗಳು ಬೇಕು. ಇನ್ನೆರಡು ಹಿಸ್ಟೋನ್‌ಗಳಾದ ಎಚ್3 ಮತ್ತು ಎಚ್4ರ ಶೇ 80ಕ್ಕಿಂತ ಹೆಚ್ಚು ಭಾಗ ಕೂತಲ್ಲೇ ಕೂತಿರುತ್ತದೆ. ನಿಮ್ಮ ಎಚ್2ಬಿ ಎರಡು ನಿಮಿಷಕ್ಕೆ ಶೇ 30 ತುಂಬಿಕೊಂಡರೆ ಫೋಕಸ್ಸೋ, ನ್ಯೂಕ್ಲಿಯಸ್ ತಿರುಗಿದ್ದೋ, ವಿಪರೀತ ಹೆಚ್ಚಾಗಿ ತಯಾರಾದ ಪ್ರೋಟೀನೋ, ಏನೋ ಒಂದು ಕೆಟ್ಟಿದೆ.

ಮೂರು, ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿದ ನಿಮ್ಮದೇ ಕೋಶ. ಇಲ್ಲಿ ಯಾವುದೂ ಓಡಾಡುವುದಿಲ್ಲ. ಹಾಗಾಗಿ ಕಪ್ಪಾದ ಜಾಗ ಕಪ್ಪಾಗಿಯೇ ಉಳಿಯಬೇಕು. ಆದರೆ ಬಹಳ ಸಲ ಮೊದಲ ಕೆಲವು ಸೆಕೆಂಡಿನಲ್ಲಿ ಸ್ವಲ್ಪ ಬೆಳಗುತ್ತದೆ! ಅದು ಚಲನೆ ಅಲ್ಲ. ಲೇಸರ್ ಹೊಡೆತಕ್ಕೆ ಕೆಲವು ಜಿಎಫ್‌ಪಿ ಅಣುಗಳು ಸತ್ತಿರುವುದಿಲ್ಲ, ತಾತ್ಕಾಲಿಕವಾಗಿ ಕತ್ತಲ ಸ್ಥಿತಿಗೆ ಹೋಗಿರುತ್ತವೆ, ತಾವಾಗಿಯೇ ಮತ್ತೆ ಬೆಳಗುತ್ತವೆ. ಇದನ್ನು ಗಮನಿಸದೆ ಹೋದರೆ "ನನ್ನ ಪ್ರೋಟೀನಿನಲ್ಲಿ ಒಂದು ಅತಿವೇಗದ ಗುಂಪಿದೆ" ಅಂತ ಬರೆದುಬಿಡುತ್ತೀರಿ. ಜೀವಂತ ಕೋಶದಲ್ಲೂ ಇದನ್ನು ಹಿಡಿಯಬಹುದು. ಇಡೀ ನ್ಯೂಕ್ಲಿಯಸ್ಸನ್ನೇ ಬ್ಲೀಚ್ ಮಾಡಿ. ಹೊರಗಿನಿಂದ ಬರಬಹುದಾದದ್ದು ಬಹಳ ಕಡಿಮೆ, ಅದೂ ನಿಧಾನ. ಆದರೂ ಐದಾರು ಸೆಕೆಂಡಿನಲ್ಲಿ ಬೆಳಕು ಬಂದರೆ ಅದು ಎಚ್ಚೆತ್ತ ಜಿಎಫ್‌ಪಿಯೇ.

ಶೇ 60ರಲ್ಲಿ ನಿಂತ ನನ್ನ ಕರ್ವ್

ನನ್ನ ಬರೀ ಜಿಎಫ್‌ಪಿ ಶೇ 72ಕ್ಕೆ ನಿಂತದ್ದು ಯಾಕೆ? ನಾನು ನ್ಯೂಕ್ಲಿಯಸ್ಸಿಗೆ ಹೋಲಿಸಿದರೆ ದೊಡ್ಡ ಪಟ್ಟಿಯನ್ನೇ ಬ್ಲೀಚ್ ಮಾಡುತ್ತಿದ್ದೆ, ಹೊಡೆತವೂ ಉದ್ದವಾಗಿತ್ತು. ಬ್ಲೀಚ್ ನಡೆಯುತ್ತಿರುವಾಗಲೇ ಜಿಎಫ್‌ಪಿ ಒಳಗೆ ಬಂದು ಕಪ್ಪಾಗಿ ಹೊರಗೆ ಹೋಗುತ್ತಿತ್ತು. ಹೀಗಾಗಿ ಇಡೀ ನ್ಯೂಕ್ಲಿಯಸ್ಸಿನ ಒಟ್ಟು ಬೆಳಕಿನಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಹೋಗಿತ್ತು. ಉರಿಯುವ ಟಾರ್ಚ್‌ಗಳೇ ಕಡಿಮೆಯಾದ ಮೇಲೆ ಸಾಲು ಮೊದಲಿನಷ್ಟು ಬೆಳಗುವುದು ಹೇಗೆ?

ಪರಿಹಾರ ಲೆಕ್ಕದಲ್ಲಿದೆ. ಪ್ರತಿ ಚಿತ್ರದಲ್ಲೂ ಮೂರು ಜಾಗ ಅಳೆಯಿರಿ: ಬ್ಲೀಚ್ ಮಾಡಿದ ಜಾಗ, ಇಡೀ ನ್ಯೂಕ್ಲಿಯಸ್, ಕೋಶವೇ ಇಲ್ಲದ ಖಾಲಿ ಜಾಗ. ಮೊದಲೆರಡರಿಂದ ಖಾಲಿ ಜಾಗದ ಬೆಳಕನ್ನು ಕಳೆಯಿರಿ. ಆಮೇಲೆ ಬ್ಲೀಚ್ ಜಾಗವನ್ನು ನ್ಯೂಕ್ಲಿಯಸ್ಸಿನಿಂದ ಭಾಗಿಸಿ. ಬ್ಲೀಚ್‌ಗೆ ಮುಂಚಿನ ಇದೇ ಅನುಪಾತವನ್ನು ನೂರು ಅಂತ ಇಟ್ಟುಕೊಳ್ಳಿ. ಉದಾಹರಣೆಗೆ ಬ್ಲೀಚ್ ಆದಮೇಲೆ ನ್ಯೂಕ್ಲಿಯಸ್ 100ರಿಂದ 80ಕ್ಕೆ ಇಳಿದಿದೆ, ನಿಮ್ಮ ಜಾಗ 76ಕ್ಕೆ ಬಂದು ನಿಂತಿದೆ. ಹಸಿ ಲೆಕ್ಕದಲ್ಲಿ ಶೇ 24 ಅಂಟಿಕೊಂಡಿದೆ. ಸರಿಯಾದ ಲೆಕ್ಕದಲ್ಲಿ 76 ಭಾಗಿಸು 80, ಅಂದರೆ ಶೇ 95 ವಾಪಸ್ ಬಂದಿದೆ. ಎರಡು ಪೂರ್ತಿ ಬೇರೆ ಕಥೆಗಳು, ಅಲ್ವಾ?

ಈ ತಿದ್ದುಪಡಿ ಮಾಡಿದ ಮೇಲೆ ನನ್ನ ಎಚ್1 ಶೇ 83ಕ್ಕೆ ಬಂತು. ಉಳಿದ 17 ಎಲ್ಲಿ? ಅದರಲ್ಲಿ ಒಂದು ಪಾಲು ಫೋಕಸ್, ಅದನ್ನು ಆಗಲೇ ಹೇಳಿದೆ. ಇನ್ನೊಂದು ಪಾಲು ಸಮಯ. ನಾನು ಮೂರೇ ನಿಮಿಷ ರೆಕಾರ್ಡ್ ಮಾಡಿದ್ದೆ. ಗೆರೆ ಸಮತಟ್ಟಾಗಿದೆ ಅಂತ ಕಣ್ಣಿಗೆ ಅನಿಸಿತ್ತು, ಅದು ಇನ್ನೂ ಏರುತ್ತಲೇ ಇತ್ತು. ಹನ್ನೆರಡು ನಿಮಿಷ ರೆಕಾರ್ಡ್ ಮಾಡಿದಾಗ ಶೇ 90 ದಾಟಿತು. "ಅಲುಗಾಡದ ಭಾಗ" ಅನ್ನುವ ಮಾತಿಗೆ ಒಂದೇ ಅರ್ಥ: ನೀವು ನೋಡಿದಷ್ಟು ಹೊತ್ತಿನಲ್ಲಿ ಅಲುಗಾಡದ ಭಾಗ. ಹಾಗಾಗಿ ಎಷ್ಟು ಹೊತ್ತು ನೋಡಿದಿರಿ ಅಂತ ಆ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ.

ಇನ್ನೊಂದು ಸಣ್ಣ ವಿಷಯ. ಬ್ಲೀಚ್‌ಗೆ ಮುಂಚಿನ ಚಿತ್ರದಲ್ಲಿ ಡಿಟೆಕ್ಟರ್ ತುಂಬಿ ಹರಿಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. 8 ಬಿಟ್ ಚಿತ್ರದಲ್ಲಿ 255 ಮುಟ್ಟಿದ ಪಿಕ್ಸೆಲ್ ನಿಜವಾದ ಬೆಳಕನ್ನು ಹೇಳುವುದಿಲ್ಲ. ಮುಂಚಿನ ಅಳತೆ ಕಡಿಮೆ ದಾಖಲಾದರೆ ಆಮೇಲಿನ ಚೇತರಿಕೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಕರ್ವ್ ಅತಿ ಬೇಗ ಏರಿದರೆ

ಇದು ಉಲ್ಟಾ ದೋಷ. ಕ್ರೊಮ್ಯಾಟಿನ್‌ಗೆ ಚೆನ್ನಾಗಿ ಅಂಟಬೇಕಾದ ಪ್ರೋಟೀನ್ ಬರೀ ಜಿಎಫ್‌ಪಿ ಥರ ಓಡುತ್ತಿದೆ. ಮೊದಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿ. ಜಿಎಫ್‌ಪಿ ತುಂಡಾಗಿ ಬಿಡಿಯಾಗಿ ಓಡಾಡುತ್ತಿದ್ದರೆ ಬರೀ ಜಿಎಫ್‌ಪಿಯ ತೂಕವಾದ 27 ಕಿಲೋಡಾಲ್ಟನ್ ಹತ್ತಿರ ಗೆರೆ ಕಾಣುತ್ತದೆ. ಆಗ ನೀವು ಅಳೆದಿದ್ದು ಆ ತುಂಡನ್ನು.

ಬ್ಲಾಟ್ ಸರಿ ಇದ್ದರೆ ಕೋಶದ ಹೊಳಪು ನೋಡಿ. ಮೈಕ್ರೋಸ್ಕೋಪ್ ಮುಂದೆ ಕೂತಾಗ ಕೈ ತಾನಾಗಿಯೇ ಚೆನ್ನಾಗಿ ಹೊಳೆಯುವ ಕೋಶಕ್ಕೇ ಹೋಗುತ್ತದೆ. ಅದು ಸಹಜ, ಆದರೆ ಅಪಾಯ. ಹೊಳೆಯುವ ಕೋಶದಲ್ಲಿ ಪ್ರೋಟೀನ್ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಅಂಟುವ ಜಾಗಗಳೆಲ್ಲ ಭರ್ತಿಯಾಗಿ, ಉಳಿದದ್ದು ಸುಮ್ನೆ ಓಡಾಡುತ್ತಿರುತ್ತದೆ. ಪಂಕ್ತಿ ಭರ್ತಿಯಾದ ಮೇಲೂ ಬಾಗಿಲಲ್ಲಿ ಜನ ನಿಂತ ಹಾಗೆ. ಮೂವತ್ತು ಕೋಶ ಅಳೆದು, ಪ್ರತಿಯೊಂದರ ಹೊಳಪನ್ನು ಒಂದು ಅಕ್ಷದಲ್ಲಿ, ಅರ್ಧ ಚೇತರಿಕೆಯ ಸಮಯವನ್ನು ಇನ್ನೊಂದರಲ್ಲಿ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಓರೆಯಾಗಿ ಸಾಲುಗಟ್ಟಿದರೆ ದೋಷ ಅಲ್ಲೇ ಇದೆ. ಮಂದವಾದ ಕೋಶಗಳನ್ನೇ ಆರಿಸಿ. ಸಾಧ್ಯವಿದ್ದರೆ ಜೀನ್ ತಿದ್ದುವ ಕ್ರಿಸ್ಪರ್ ಬಳಸಿ ಪ್ರೋಟೀನಿನ ಸ್ವಂತ ಜೀನಿಗೇ ಜಿಎಫ್‌ಪಿ ಸೇರಿಸಿ. ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಈ ಅನುಮಾನ ಪೂರ್ತಿ ಹೋಗುತ್ತದೆ.

ಟ್ಯಾಗ್, ಅಂದರೆ ಸೇರಿಸಿದ ಜಿಎಫ್‌ಪಿ, ಯಾವ ತುದಿಯಲ್ಲಿದೆ ಅನ್ನುವುದನ್ನೂ ಯೋಚಿಸಿ. ಡಿಎನ್‌ಎ ಹಿಡಿಯುವ ಭಾಗದ ಪಕ್ಕದಲ್ಲೇ ಜಿಎಫ್‌ಪಿ ಕೂತರೆ ಹಿಡಿತ ಸಡಿಲವಾಗಬಹುದು. ಇನ್ನೊಂದು ತುದಿಗೆ ಹಾಕಿ ಹೋಲಿಸಿ.

ಇದೆಲ್ಲ ಸರಿ ಇದ್ದೂ ವೇಗ ಹಾಗೇ ಇದ್ದರೆ ಗಾಬರಿ ಬೇಡ, ಅದು ನಿಜವೇ ಇರಬಹುದು. 2000ರಲ್ಲಿ ಮೆಕ್‌ನ್ಯಾಲಿ ಮತ್ತು ಸಂಗಡಿಗರು ಹಾರ್ಮೋನ್ ಹಿಡಿದು ಜೀನ್‌ಗಳನ್ನು ನಿಯಂತ್ರಿಸುವ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ತನ್ನ ಜೀನಿನ ಮೇಲೆ ಕೂರುವುದು ಸೆಕೆಂಡುಗಳ ಕಾಲ ಮಾತ್ರ ಅಂತ ತೋರಿಸಿದಾಗ ಎಷ್ಟೋ ಜನರಿಗೆ ನಂಬಲು ಕಷ್ಟವಾಗಿತ್ತು. ಹೆಟೆರೋಕ್ರೊಮ್ಯಾಟಿನ್ (ಒತ್ತಾಗಿ ಮಡಚಿದ ಕ್ರೊಮ್ಯಾಟಿನ್) ಕಟ್ಟಿ ಹಿಡಿಯುವ ಗೋಂದು ಅಂದುಕೊಂಡಿದ್ದ ಎಚ್‌ಪಿ1 ಕೂಡ ಚುರುಕಾಗಿ ಅದಲುಬದಲಾಗುತ್ತದೆ ಅಂತ 2003ರಲ್ಲಿ ಎರಡು ತಂಡಗಳು ಕಂಡವು.

ಅಂಟಿನಿಂದ ನಿಧಾನವೋ, ನಡಿಗೆಯಿಂದ ನಿಧಾನವೋ

ಕರ್ವ್ ಸರಿಯಾಗಿದೆ ಅಂದಮೇಲೂ ಅದಕ್ಕೆ ತಪ್ಪು ಸೂತ್ರ ಹಾಕಬಹುದು. ಬಹಳ ಜನ ನೇರವಾಗಿ ಒಂದು ಎಕ್ಸ್‌ಪೊನೆನ್ಶಿಯಲ್ ಫಿಟ್ ಮಾಡಿ, ಸಿಕ್ಕಿದ ಸಂಖ್ಯೆಯನ್ನು "ಕ್ರೊಮ್ಯಾಟಿನ್ ಮೇಲೆ ಕೂತಿರುವ ಸಮಯ" ಅಂತ ಬರೆಯುತ್ತಾರೆ. ನಡಿಗೆಗೆ ಸಮಯವೇ ಬೇಡ ಅನ್ನುವಷ್ಟು ಡಿಫ್ಯೂಷನ್ ವೇಗವಾಗಿದ್ದರೆ ಮಾತ್ರ ಅದು ಸರಿ. ಎಷ್ಟೋ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳಿಗೆ (ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್‌ಗಳು) ಆ ಊಹೆ ನಿಲ್ಲುವುದಿಲ್ಲ ಅಂತ ಸ್ಪ್ರೇಗ್ ಮತ್ತು ಸಂಗಡಿಗರು 2004ರಲ್ಲಿ ವಿವರವಾಗಿ ಬರೆದರು.

ಪರೀಕ್ಷೆ ಸುಲಭ. ಬ್ಲೀಚ್ ವೃತ್ತದ ತ್ರಿಜ್ಯವನ್ನು ಎರಡರಷ್ಟು ಮಾಡಿ ಮತ್ತೆ ಅಳೆಯಿರಿ. ಅರ್ಧ ಚೇತರಿಕೆಯ ಸಮಯ ಬದಲಾಗದಿದ್ದರೆ ಅಂಟೇ ಯಜಮಾನ. ಆಗ ಆ ಅರ್ಧ ಸಮಯವನ್ನು 0.69ರಿಂದ ಭಾಗಿಸಿದರೆ ಸರಾಸರಿ ಕೂತಿರುವ ಸಮಯ ಸಿಗುತ್ತದೆ. ಸಮಯ ನಾಲ್ಕು ಪಟ್ಟಾದರೆ ನೀವು ನೋಡುತ್ತಿರುವುದು ಡಿಫ್ಯೂಷನ್. ನಡುವೆ ಎಲ್ಲೋ ನಿಂತರೆ ಎರಡನ್ನೂ ಸೇರಿಸಿದ ಮಾಡೆಲ್ ಬೇಕು.

ಡಿಫ್ಯೂಷನ್ ಥರ ಕಂಡರೂ ಅಂಟು ಇಲ್ಲ ಅಂತ ಹೇಳಬೇಡಿ. ಪ್ರೋಟೀನ್ ಪದೇ ಪದೇ ಒಂದು ಕ್ಷಣ ಅಂಟಿ ಬಿಡುತ್ತಿದ್ದರೆ ಅದರ ನಡಿಗೆಯೇ ನಿಧಾನವಾದ ಹಾಗೆ ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಅಣು ಸದಾ ಅಂಟಿಕೊಂಡಿದ್ದರೆ ನಡಿಗೆ ಹತ್ತು ಪಟ್ಟು ನಿಧಾನ. ಗಾತ್ರದಿಂದ ಇಷ್ಟು ನಿಧಾನವಾಗುವುದಿಲ್ಲ. ದುಂಡಗಿನ ಪ್ರೋಟೀನ್ ಎಂಟು ಪಟ್ಟು ತೂಕವಾದರೂ ವೇಗ ಅರ್ಧವಾಗುತ್ತದೆ ಅಷ್ಟೇ. ಹಾಗಾಗಿ 60 ಕಿಲೋಡಾಲ್ಟನ್‌ನ ನಿಮ್ಮ ಪ್ರೋಟೀನ್ ಜಿಎಫ್‌ಪಿಗಿಂತ ಹತ್ತು ಪಟ್ಟು ನಿಧಾನ ಇದ್ದರೆ ಅದು ಕ್ರೊಮ್ಯಾಟಿನ್ ಜೊತೆ ಮಾತಾಡುತ್ತಿರುವ ಸಾಧ್ಯತೆ ಬಹಳ. ಡಿಎನ್‌ಎ ಹಿಡಿಯಲಾರದ ಮ್ಯುಟೆಂಟ್ ಮಾಡಿ ಅಳೆದರೆ ಖಚಿತವಾಗುತ್ತದೆ. ಮ್ಯುಟೆಂಟ್ ವೇಗವಾಗಿ ಓಡಬೇಕು.

ಬ್ಲೀಚ್ ಮಾಡಿದ ಜಾಗದ ಆಕಾರವನ್ನೂ ಅಳೆಯಿರಿ, ಊಹಿಸಬೇಡಿ. ಪರದೆಯಲ್ಲಿ ನೀವು ಎಳೆದ ವೃತ್ತಕ್ಕೆ ಚೂಪಾದ ಅಂಚಿದೆ, ಕೋಶದಲ್ಲಿ ಆದ ಕಪ್ಪಿಗೆ ಇಲ್ಲ. ಅಂಚು ಹರಡಿರುತ್ತದೆ. ಒಂದೇ ಪ್ರೋಟೀನಿಗೆ ಬೇರೆ ಬೇರೆ ಲ್ಯಾಬುಗಳು ಬಹಳ ದೂರದ ಉತ್ತರಗಳನ್ನು ಕೊಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಫಿಕ್ಸ್ ಮಾಡಿದ ಕೋಶದಲ್ಲಿ ಬ್ಲೀಚ್ ಮಾಡಿ, ಅಡ್ಡಗೆರೆಯಲ್ಲಿ ಬೆಳಕನ್ನು ಅಳೆದರೆ ಆಕಾರ ಕಾಣುತ್ತದೆ.

ಕಪ್ಪಾಗಿಸಿದ ಜಾಗ ಮೊದಲಿಗಿಂತ ಜಾಸ್ತಿ ಹೊಳೆದರೆ

ಇದು ನನಗೂ ಆಗಿದೆ. ನ್ಯೂಕ್ಲಿಯಸ್ ಸುಲಭವಾಗಿ ಕಾಣಲಿ ಅಂತ ಡಿಎನ್‌ಎಗೆ ಅಂಟುವ ಹೋಕ್ಸ್ಟ್ ಬಣ್ಣ ಹಾಕಿದ್ದೆ, 405 ನ್ಯಾನೊಮೀಟರ್ ಲೇಸರಿನಲ್ಲಿ ನೋಡುತ್ತಿದ್ದೆ, ಬ್ಲೀಚ್‌ಗೂ ಅದನ್ನೇ ಸೇರಿಸಿದ್ದೆ. ಡಿಎನ್‌ಎಗೆ ಗಾಯ ಮಾಡಿ ದುರಸ್ತಿ ಪ್ರೋಟೀನ್‌ಗಳು ಓಡಿ ಬರುವುದನ್ನು ನೋಡಲು ಜನ ಬೇಕಂತಲೇ ಬಳಸುವ ವಿಧಾನವೂ ಇದೇ! ಆವತ್ತು ನಾನು ಅಳೆಯುತ್ತಿದ್ದ ಪ್ರೋಟೀನ್ ಗಾಯದ ಕಡೆಗೆ ಬಂದು ಗುಂಪುಗೂಡಿತು. ಫ್ರಾಪ್‌ನಲ್ಲಿ ಹೋಕ್ಸ್ಟ್ ಬೇಡ. 488 ನ್ಯಾನೊಮೀಟರ್ ಲೇಸರಿನಲ್ಲೇ ಬ್ಲೀಚ್ ಮಾಡಿ, ಬೇಕಾದಷ್ಟೇ ಶಕ್ತಿ ಬಳಸಿ. ಅರ್ಧ ಶಕ್ತಿಯಲ್ಲಿ ಮಾಡಿದಾಗಲೂ ಚೇತರಿಕೆಯ ವೇಗ ಅದೇ ಬಂದರೆ ಗಾಯದ ಭಯ ಕಡಿಮೆ.

ಫಿಕ್ಸ್ ಮಾಡಿದ ಚಿತ್ರ ಒಂದು ಹೇಳುತ್ತದೆ, ಜೀವಂತ ಕೋಶ ಇನ್ನೊಂದು

ಈ ಜಗಳ ಬಂದಾಗ ಜನ ಬಹುತೇಕ ಫಿಕ್ಸ್ ಮಾಡಿದ ಚಿತ್ರವನ್ನೇ ನಂಬುತ್ತಾರೆ, ಅದು ಅಷ್ಟು ಸ್ಪಷ್ಟವಾಗಿರುತ್ತದೆ. ಆದರೆ ಫಾರ್ಮಾಲ್ಡಿಹೈಡ್ ಕೆಲಸ ಮಾಡಲು ಹೊತ್ತು ಬೇಕು. ಕೆಲವೇ ಸೆಕೆಂಡು ಕೂತು ಏಳುವ ಪ್ರೋಟೀನನ್ನು ಅದು ಕೂತ ಜಾಗದಲ್ಲೇ ಹಿಡಿಯದೆ ಹೋಗಬಹುದು. ಕೋಶ ವಿಭಜನೆಯ ಸಮಯದಲ್ಲಿ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಕ್ರೋಮೋಸೋಮ್ ಬಿಟ್ಟು ಹೋಗುತ್ತವೆ ಅಂತ ಬಹಳ ಕಾಲ ಹೇಳುತ್ತಿದ್ದದ್ದು ಫಿಕ್ಸ್ ಮಾಡಿದ ಚಿತ್ರಗಳನ್ನು ನಂಬಿ. 2016ರಲ್ಲಿ ಟೆವ್ಸ್ ಮತ್ತು ಸಂಗಡಿಗರು ಜೀವಂತ ಕೋಶದಲ್ಲಿ ನೋಡಿದಾಗ ಸಾಕ್ಸ್2ರಂಥವು ಕ್ರೋಮೋಸೋಮಿನ ಮೇಲೇ ಇದ್ದವು. ಅದೇ ಕೋಶಕ್ಕೆ ಫಾರ್ಮಾಲ್ಡಿಹೈಡ್ ಹಾಕುತ್ತಿದ್ದಂತೆ ಕಣ್ಣೆದುರೇ ಬಿಟ್ಟು ಹೋದವು. ನೀವೂ ಹೀಗೆ ಮಾಡಬಹುದು. ಮೈಕ್ರೋಸ್ಕೋಪ್ ಮೇಲೇ ಫಿಕ್ಸೇಟಿವ್ ಹಾಕಿ, ರೆಕಾರ್ಡ್ ಮಾಡುತ್ತಾ ಇರಿ.

ಇಷ್ಟೆಲ್ಲ ದಾಟಿ ಬಂದ ಸಂಖ್ಯೆಯನ್ನೂ ಇನ್ನೊಂದು ವಿಧಾನದ ಜೊತೆ ಹೋಲಿಸಿ. ಎಫ್‌ಸಿಎಸ್ (ಬೆಳಕಿನ ಏರಿಳಿತದಿಂದ ಚಲನೆ ಅಳೆಯುವ ವಿಧಾನ) ಇದೆ, ಹ್ಯಾಲೋಟ್ಯಾಗ್ ಅನ್ನುವ ಬಣ್ಣ ಹಿಡಿಯುವ ಟ್ಯಾಗ್ ಬಳಸಿ ಒಂದೊಂದೇ ಅಣುವನ್ನು ಹಿಂಬಾಲಿಸುವುದಿದೆ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಜಿ. ವಿ. ಶಿವಶಂಕರ್ ಅವರ ತಂಡ 2006ರಲ್ಲೇ ಕೋರ್ ಹಿಸ್ಟೋನ್ (ಎಚ್2ಬಿಯಂಥವು) ಮತ್ತು ಲಿಂಕರ್ ಹಿಸ್ಟೋನ್‌ಗಳು (ಎಚ್1ನಂಥವು) ಜೀವಂತ ಕೋಶದಲ್ಲಿ ಬೇರೆ ಬೇರೆ ಬಗೆಯಲ್ಲಿ ಚಲಿಸುತ್ತವೆ ಅಂತ ತೋರಿಸಿತ್ತು. ಎಚ್1ಗೆ ಎಚ್2ಬಿಯ ಕರ್ವ್ ಬಂದರೆ ಅನುಮಾನಿಸಬೇಕು ಅನ್ನುವುದಕ್ಕೆ ಅದೂ ಒಂದು ಆಧಾರ.

ನಾನು ಕೊನೆಗೆ ಮಾಡಿದ್ದು ಟ್ರೈಕೋಸ್ಟ್ಯಾಟಿನ್ ಎ ಅನ್ನುವ ಔಷಧಿ ಹಾಕಿ ನೋಡಿದ್ದು. ಅದು ಕೋರ್ ಹಿಸ್ಟೋನ್‌ಗಳ ಅಸಿಟೈಲೇಷನ್ (ಅಸಿಟೈಲ್ ಗುಂಪು ಸೇರುವುದು) ಹೆಚ್ಚಿಸುತ್ತದೆ. ಆಗ ಎಚ್1 ಕೂತಿರುವ ಸಮಯ ಕಡಿಮೆಯಾಗಬೇಕು, ಇದು 2000ರಿಂದಲೇ ಗೊತ್ತಿರುವ ಮಾತು. ಹಳೆಯ ಸೆಟ್ಟಿಂಗ್‌ನಲ್ಲಿ ಔಷಧಿ ಹಾಕಿದ್ದಕ್ಕೂ ಹಾಕದ್ದಕ್ಕೂ ನನಗೆ ವ್ಯತ್ಯಾಸವೇ ಕಂಡಿರಲಿಲ್ಲ. ಸಣ್ಣ ವೃತ್ತ, ಚಿಕ್ಕ ಹೊಡೆತ, ಬಿಸಿಯಾಗಿ ನೆಲೆಗೊಂಡ ಸ್ಟೇಜ್, ಹನ್ನೆರಡು ನಿಮಿಷದ ರೆಕಾರ್ಡಿಂಗ್. ಈ ಸಲ ಎರಡು ಕರ್ವ್‌ಗಳು ಮೊದಲ ನಿಮಿಷದಲ್ಲೇ ಬೇರೆಯಾದವು. ಔಷಧಿ ಹಾಕಿದ್ದು ಮೇಲಿತ್ತು.